ಹವ್ಯಾಸಿಯ ಪಟವೂ ವಿಮರ್ಶಕನ ಮಾತೂ

ಪಟವೊಂದನ್ನು ಕಣ್ಣಿಗೆ ತೋರಿಸದೆ ಅದರ ಗುಣದೋಷಗಳನ್ನು ಕಿವಿಗೆ ಹೇಳಹೊರಡುವುದು ಹುಚ್ಚು ಸಾಹಸವೆಂದು ಶ್ರೋತೃಗಳಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಯೋಚಿಸಿ ನೋಡಿದ ಮೇಲೆ, ಛಾಯಾಚಿತ್ರಗಳ ವಿಮರ್ಶೆಯನ್ನು ಕುರಿತು ಮಾತನಾಡಲು ಬಾನುಲಿಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲವೆಂಬ ನಿರ್ಧಾರಕ್ಕೆ ಬಂದಿದ್ದೇವೆ. ಅದು ಹೇಗೆಂಬುದನ್ನು ಮುಂದೆ ಅರಿಕೆಮಾಡುತ್ತೇವೆ.

ಛಾಯಾಚಿತ್ರವು ಹುಟ್ಟಿದಂದಿನಿಂದಲೂ ಅದರ ಬೆನ್ನ ಹಿಂದೆ ಮಾತು ನಡೆದು ಬಂದಿದೆ. ೧೮೩೯ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೆರ್ ಎಂಬಾತನ ವಿಧಾನವು ಲೋಕಕ್ಕೆ ಪ್ರಕಟವಾಯಿತು. ೧೮೫೩ರಲ್ಲಿ ಲಂಡನ್ನಿನಲ್ಲಿ, ಮರುವರ್ಷ ಮುಂಬಯಿಯಲ್ಲಿ, ೧೮೫೬ರಲ್ಲಿ ಮದರಾಸು ಕಲ್ಕತ್ತೆಗಳಲ್ಲಿ ಛಾಯಾಗ್ರಾಹಕರ ಸಂಘಗಳು ಏರ್ಪಟ್ಟವು. ಪಟ ತೆಗೆಯುವುದು ಒಬ್ಬನೇ ನಿಂತು ಮಾಡುವ ಕೆಲಸ, ಅದಕ್ಕೆ ಸಂಘವೇಕೆ? ತೆಗೆದುದನ್ನು ಇನ್ನೊಬ್ಬನ ಮುಂದಿಟ್ಟು ‘ಹೇಗಿದೆ?’ ಎಂದು ಕೇಳದೆ ಮನುಷ್ಯನಿಗೆ ಸಮಾಧಾನವಿಲ್ಲ. ನಮ್ಮ ನಾಡಿನಲ್ಲಿಯೂ ಬೆಂಗಳೂರಿನಲ್ಲಿ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಎಂಬ ಸಂಘವು ಸ್ವಾತಂತ್ರ್ಯಕ್ಕೆ ಮುಂಚೆಯೇ ಹುಟ್ಟಿತು; ೧೯೭೧ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಂಬ ಇನ್ನೊಂದು ಸ್ಥಾಪಿತವಾಯಿತು. ವನ್ಯಮೃಗಗಳ ಪಟಗಳಿಂದ ದೇಶಾಂತರಗಳಲ್ಲಿ ಹೆಸರಾದ ಟಿ.ಎನ್.ಎ. ಪೆರುಮಾಳ್ ಅವರು ಒ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಬಳಿ ಕಲಿತವರು. ೨೦೧೭ರಲ್ಲಿ ತೀರಿಕೊಳ್ಳುವ ಮೊದಲು ತಾವೂ ಅನೇಕ ಕಿರಿಯರಿಗೆ ಕಲಿಸಿದವರು. ಈ ವಿದ್ಯೆಯು ಪುಸ್ತಕದಿಂದ ಬಂದುದಕ್ಕಿಂತ ಹೆಚ್ಚಾಗಿ, ಒಬ್ಬರ ಪಟವನ್ನು ಇನ್ನೊಬ್ಬರು ನೋಡಿ ಆಡಿದ ಮಾತಿನಿಂದ ಬಂದಿದೆ.

ಈಗ ಕ್ಯಾಮರಾಕ್ಕೆ ಬರಗಾಲವಿಲ್ಲ. ಹುಣಸೂರು ತಾಲ್ಲೂಕಿನ ಗಾವಡಗೆರೆಯಂತಹ ಹೋಬಳಿಯ ಊರಿನಲ್ಲಿಯೂ ಹೊಲಕ್ಕೆ ಹೋಗುವವನ ಜೇಬಿನಲ್ಲಿ ಫೋನು, ಫೋನಿನಲ್ಲಿ ಕ್ಯಾಮರಾ ಇದ್ದೇ ಇರುತ್ತದೆ. ಬರಗಾಲವಿರುವುದು ನೋಡಿ ಹೇಳುವವರಿಗೆ. ಹೊಸಬನು ತೆಗೆದ ಪಟಕ್ಕೆ ಬಂಧುಬಳಗದಿಂದ ದೊರೆಯುವುದು ‘ಸೂಪರ್’ ಎಂಬ ಒಂದು ಮಾತು. ಬಲ್ಲವರಿಂದ ದೊರೆಯುವುದು ‘ಇನ್ನೂ ಕಲಿಯಬೇಕು’ ಎಂಬ ಇನ್ನೊಂದು ಮಾತು. ಎರಡರಲ್ಲಿ ಯಾವುದನ್ನು ಹಿಡಿದುಕೊಂಡು ಹೋದರೂ ನಾಳೆ ಬೆಳಗ್ಗೆ ಅವನು ಯಾವ ಕಡೆಗೆ ಹೆಜ್ಜೆಯಿಡಬೇಕೆಂಬುದು ತಿಳಿಯುವುದಿಲ್ಲ.

ಬಲ್ಲವರೆಂದು ಹೇಳಿಕೊಳ್ಳುವ ಗುಂಪಿಗೆ ನಾವೂ ಸೇರಿದವರು. ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳದೆ ಮುಂದಿನ ಮಾತಿಗೆ ಹಕ್ಕು ಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಛಾಯಾಚಿತ್ರ ಬಳಗದ ಸಭೆಗೆ ಗಾವಡಗೆರೆಯ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ಪಟವನ್ನು ತಂದನು. ಮುಕ್ಕಾಲು ಪಾಲು ಕತ್ತಲೆ. ಎಡಗಡೆ ಒಬ್ಬ ಮನುಷ್ಯನ ಅರ್ಧ ಮುಖ. ಅದರ ಮೇಲೆ ಕೆಂಬಣ್ಣದ ಬೆಳಕು. ಆತನ ಕೈಯಲ್ಲಿ ಒಂದು ಟಾರ್ಚು. ಅದರ ಬೆಳಕು ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಮೇಲೆ ಬಿದ್ದಿದೆ. ಕೆಳಗಡೆ ಮೂಲೆಯಲ್ಲಿ ಬಿಳಿಯ ಪ್ಲಾಸ್ಟಿಕ್ ಕುರ್ಚಿಯೊಂದು. ಪಟವು ಸ್ವಲ್ಪ ವಾಲಿತ್ತು. ಕಪ್ಪಿನಲ್ಲಿ ರವೆ ಚೆಲ್ಲಿದಂತೆ ಕಾಳುಕಾಳಾಗಿತ್ತು. ನಾವು ಇಂಗ್ಲಿಷ್ ಪಾಠ ಹೇಳುವವರು. ಪ್ರಬಂಧಗಳ ಮೇಲೆ ಕೆಂಪು ಶಾಯಿಯನ್ನು ಎಳೆದೆಳೆದು ಕೈ ಪಳಗಿದವರು. ಅದೇ ಕೈಯಿಂದ ಈ ಪಟವನ್ನೂ ತಿದ್ದಿದೆವು. ‘ವಾಲಿದೆ, ಮುಖ ಕಾಣುವುದಿಲ್ಲ, ಬೆಳಕು ಸಾಲದು’ ಎಂದು ಹೇಳಿ, ಅಲ್ಲಿಗೇ ನಿಲ್ಲಿಸದೆ, ‘ಕತ್ತಲೆಯನ್ನು ಮಾತ್ರ ಬಹಳ ಚೆನ್ನಾಗಿ ಹಿಡಿದಿದ್ದೀಯೆ’ ಎಂದೆವು. ಸಭೆ ನಕ್ಕಿತು. ಹುಡುಗನೂ ನಕ್ಕನು. ಆ ವರ್ಷವೆಲ್ಲ ಅವನು ಸಭೆಗೆ ಬಂದನು. ಪಟವನ್ನು ಮಾತ್ರ ತರಲಿಲ್ಲ. ಅದನ್ನು ನಾವು ಗಮನಿಸಲೂ ಇಲ್ಲ.

ಮುಂದಿನ ಶ್ರಾವಣದಲ್ಲಿ ಬೇರೊಂದು ಕೆಲಸದ ಮೇಲೆ ಆ ಸೀಮೆಗೆ ಹೋಗಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯೆಂಬುದು ಎಲ್ಲರೂ ಬಲ್ಲ ವಿಷಯ. ಹೊಲದಿಂದ ತಂದ ಹಸಿರೆಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರವಾದ ಕೋಣೆಯೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಹೊರಗಡೆ. ಶಾಖವು ಕಬ್ಬಿಣದ ಕೊಳವೆಗಳ ಮೂಲಕ ಒಳಗೆ ಹರಿಯುತ್ತದೆ, ಹೊಗೆಯು ಎಲೆಯನ್ನು ಮುಟ್ಟುವಂತಿಲ್ಲ. ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನಿಂದ ಆರಂಭಿಸಿ, ದಿನದಿಂದ ದಿನಕ್ಕೆ ಮೆಲ್ಲನೆ ಏರಿಸುತ್ತ, ಕಡೆಗೆ ೭೦ ಡಿಗ್ರಿಯ ಆಸುಪಾಸಿಗೆ ತರಬೇಕು. ಅವಸರಪಟ್ಟು ಏರಿಸಿದರೆ ಎಲೆಯ ಹಸಿರು ಹಾಗೆಯೇ ನಿಂತುಬಿಡುತ್ತದೆ. ಹೊತ್ತಿಗೆ ಸರಿಯಾಗಿ ಏರಿಸದಿದ್ದರೆ ಕಂದಿಹೋಗುತ್ತದೆ. ಎರಡಕ್ಕೂ ಹರಾಜಿನ ಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಆದುದರಿಂದ ಹಲವು ರಾತ್ರಿಗಳು ಮನೆಯವರಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕು. ಆ ರಾತ್ರಿ ನಾವು ಒಂದು ಬ್ಯಾರನ್ನಿನ ಮುಂದೆ ನಿಂತಿದ್ದೆವು. ಮನೆಯ ಯಜಮಾನರು ಒಲೆಯ ಬಳಿಯಿಂದೆದ್ದು, ಗೋಡೆಯ ಸಣ್ಣ ಗಾಜಿನ ಬಳಿಗೆ ಹೋಗಿ, ಟಾರ್ಚು ಹಾಕಿ, ಒಳಗೆ ತೂಗಿದ್ದ ಉಷ್ಣಮಾಪಕದ ಪಾದರಸವನ್ನು ನೋಡಿದರು. ಅರ್ಧ ಮುಖ, ಕೆಂಬೆಳಕು, ಗಾಜು, ಸುತ್ತಲೂ ಕತ್ತಲೆ. ನಾವು ತಿದ್ದಿದ ಪಟವು ನಮ್ಮ ಕಣ್ಣೆದುರಿಗೆ ನಡೆಯುತ್ತಿತ್ತು.

ಆ ಪಟದಲ್ಲಿ ಬೆಳಕು ಸಾಲದೆಂದಿದ್ದೆವಲ್ಲವೆ? ಅಲ್ಲಿ ಇರುವ ಬೆಳಕೇ ಅಷ್ಟು. ಅದು ಬಿದ್ದಿದ್ದುದೂ ಸರಿಯಾದ ಎರಡು ಸ್ಥಳಗಳ ಮೇಲೆಯೇ: ಕಾಯುವವನ ಮೇಲೆ, ಕಾಯಲ್ಪಡುವುದರ ಮೇಲೆ. ಹುಡುಗನ ತಪ್ಪು ಏನಿದ್ದರೂ ಅದು ಬೇರೆ ಕಡೆಯಿತ್ತು. ನಾವು ಅದನ್ನು ನೋಡಿಯೇ ಇರಲಿಲ್ಲ.

ಇಲ್ಲಿಂದ ಬಾನುಲಿಯ ಮಾತಿಗೆ ಬರೋಣ. ಆ ರಾತ್ರಿಯ ಅನಂತರ ನಾವು ಒಂದು ನಿಯಮವನ್ನು ಹಾಕಿಕೊಂಡೆವು. ಯಾರಾದರೂ ಪಟವನ್ನು ಮುಂದಿಟ್ಟರೆ ಗುಣವನ್ನಾಗಲಿ ದೋಷವನ್ನಾಗಲಿ ಹೇಳುವ ಮೊದಲು, ಅದನ್ನು ಕಾಣದೆ ಕೇಳುತ್ತ ಕುಳಿತಿರುವವನಿಗೆ ಹೇಳುವಂತೆ ಬಾಯಿಬಿಟ್ಟು ವರ್ಣಿಸುವುದು. ಎಡಗಡೆ ಏನಿದೆ, ಬಲಗಡೆ ಏನಿದೆ, ಬೆಳಕು ಯಾವ ದಿಕ್ಕಿನಿಂದ ಬಂದಿದೆ, ನಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಜಾರಿತು, ಎಲ್ಲಿ ಸಿಕ್ಕಿಕೊಂಡಿತು. ಇದಿಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಇದರಿಂದ ಆಗುವ ಲಾಭವು ಅಲ್ಪವಲ್ಲ. ಮೊದಲನೆಯದಾಗಿ, ನಾವು ನೋಡಲೇಬೇಕಾಗುತ್ತದೆ; ನೋಡದೆ ತೀರ್ಪು ಕೊಡಬಹುದು, ನೋಡದೆ ವರ್ಣಿಸಲಾಗುವುದಿಲ್ಲ. ಅಲ್ಲದೆ, ತೆಗೆದವನಿಗೆ ತನ್ನ ಪಟವು ಇನ್ನೊಬ್ಬನ ಕಣ್ಣಿಗೆ ಹೇಗೆ ಬಿತ್ತೆಂಬುದು ತಿಳಿಯುತ್ತದೆ. ತನ್ನ ತಂಗಿಯ ಪಟವೆಂದು ಅವನು ತಂದುದರಲ್ಲಿ ನಾವು ಮೊದಲು ಕಂಡುದು ಹಿಂದಿನ ವಿದ್ಯುತ್ ಕಂಬವನ್ನಾದರೆ, ‘ಕಂಬವು ತಲೆಯಿಂದ ಮೊಳೆತಿದೆ’ ಎಂದು ಹಾಸ್ಯಮಾಡುವ ಅಗತ್ಯವೇ ಇರುವುದಿಲ್ಲ. ‘ಮೊದಲು ಕಂಬವನ್ನು ಕಂಡೆವು, ಆಮೇಲೆ ಹುಡುಗಿಯನ್ನು’ ಎಂದರೆ ಬುದ್ಧಿವಂತನಿಗೆ ಸಾಕು.

ಎರಡನೆಯ ಕೆಲಸ, ಕೇಳುವುದು. ‘ಇದನ್ನು ಏಕೆ ತೆಗೆದೆ? ಆಗ ನಿನ್ನ ಮನಸ್ಸನ್ನು ಹಿಡಿದುದು ಯಾವುದು?’ ಲಂಡನ್ನಿನಲ್ಲಿ ಹುಟ್ಟಿದ ಆ ಸಂಘವು, ಈಗ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಎಂಬ ಹೆಸರಿನದು, ತನ್ನ ಮೇಲ್ದರ್ಜೆಯ ಪದವಿಗಳನ್ನು ಬಯಸುವವರಿಂದ ಪಟಗಳ ಜೊತೆಗೆ ತಮ್ಮ ಉದ್ದೇಶವನ್ನು ಹೇಳುವ ಒಂದು ಸಣ್ಣ ಬರೆಹವನ್ನೂ ಕೇಳುತ್ತದೆ. ಪಟಗಳು ಆ ಉದ್ದೇಶವನ್ನು ಸಾಧಿಸಿವೆಯೆ ಎಂದು ಪರೀಕ್ಷಕರು ನೋಡುತ್ತಾರೆ. ಇದು ನ್ಯಾಯವಾದ ಪದ್ಧತಿ. ಮೈಸೂರಿಗೆ ಹೋಗುತ್ತೇನೆಂದವನನ್ನು ಮಡಿಕೇರಿಗೆ ಏಕೆ ಮುಟ್ಟಲಿಲ್ಲವೆಂದು ಗದರಿಸಿದರೆ ಫಲವೇನು? ಉದ್ದೇಶವೇ ಇಲ್ಲದೆ ಗುಂಡಿಯನ್ನೊತ್ತಿದವರೂ ಉಂಟು. ಅವರಿಗೆ ಈ ಪ್ರಶ್ನೆಯೇ ಮೊದಲ ಪಾಠ.

ಇನ್ನು ದೋಷಗಳ ವಿಚಾರ. ದೋಷಗಳನ್ನು ಹೇಳಕೂಡದೆಂಬುದು ನಮ್ಮ ಅಭಿಪ್ರಾಯವಲ್ಲ. ಹೇಳದೆ ಬಿಡುವುದು ಸೋಮಾರಿತನಕ್ಕೆ ಸೌಜನ್ಯದ ಅಂಗಿಯನ್ನು ತೊಡಿಸಿದಂತೆ. ಆದರೆ ದೋಷವನ್ನು ಹೇಳುವವನು ಅದರ ಕಾರಣವನ್ನೂ ಬಲ್ಲವನಾಗಿರಬೇಕು. ನಮ್ಮ ಹಳ್ಳಿಯ ಹುಡುಗರು ತರುವ ಪಟಗಳಲ್ಲಿ ಪದೇ ಪದೇ ಕಾಣುವ ಎರಡು ಮೂರನ್ನು ಮಾತ್ರ ಹೇಳುತ್ತೇವೆ.

ಬಿಳಿಯ ಪಂಚೆಯುಟ್ಟ ಅಜ್ಜನನ್ನು ಬಿಳಿಯ ಗೋಡೆಯ ಮುಂದೆ ನಿಲ್ಲಿಸಿ ತೆಗೆದರೆ ಪಂಚೆಯೂ ಗೋಡೆಯೂ ಬೂದಿಯ ಬಣ್ಣಕ್ಕಿಳಿಯುತ್ತವೆ. ಕರಿಯ ಎಮ್ಮೆಯನ್ನು ಕೊಟ್ಟಿಗೆಯ ಕತ್ತಲೆಯಲ್ಲಿ ತೆಗೆದರೆ ಅದೂ ಬೂದಿಯೇ ಆಗುತ್ತದೆ. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಅಜ್ಜನೆಂದೂ ಎಮ್ಮೆಯೆಂದೂ ತಿಳಿಯದು. ಮುಂದೆ ಬಂದುದನ್ನೆಲ್ಲ ನಡುಮಟ್ಟದ ಬೂದುಬಣ್ಣವೆಂದು ಭಾವಿಸಿ ಬೆಳಕನ್ನು ಅಳೆಯುವುದು ಅದರ ಸ್ವಭಾವ. ಈಗಿನ ಫೋನುಗಳು ಮುಖವನ್ನು ಗುರುತಿಸುವಷ್ಟು ಚತುರವಾಗಿದ್ದರೂ ಹಳೆಯ ಸ್ವಭಾವವು ಪೂರ್ತಿ ಬಿಟ್ಟಿಲ್ಲ. ಆದುದರಿಂದ ‘ಪಟ ಮಂಕಾಗಿದೆ’ ಎಂದು ಹೇಳಿ ಸುಮ್ಮನಾಗದೆ, ‘ಬಿಳಿಯದು ಹೆಚ್ಚಾಗಿರುವಾಗ ಬೆಳಕನ್ನು ಒಂದು ಮೆಟ್ಟಿಲು ಏರಿಸು, ಕರಿಯದು ಹೆಚ್ಚಾಗಿರುವಾಗ ಒಂದು ಮೆಟ್ಟಿಲು ಇಳಿಸು’ ಎಂದರೆ ನಾಳೆಯೇ ಅವನು ಮಾಡಿ ನೋಡಬಹುದು. ಹಾಗೆಯೇ, ಮದುವೆಯಲ್ಲಿ ಫೋನನ್ನು ಒಂದು ಮೊಳದ ದೂರದಲ್ಲಿ ಹಿಡಿದು ತೆಗೆದ ಮದುಮಗಳ ಮೂಗು ದಪ್ಪವಾಗಿ, ಕಿವಿ ಸಣ್ಣದಾಗಿ ಬರುವುದು ಮಸೂರದ ಕೆಡುಕಲ್ಲ, ಹುಡುಗಿಯ ದೋಷವಂತೂ ಅಲ್ಲವೇ ಅಲ್ಲ. ಹತ್ತಿರದಿಂದ ನೋಡಿದರೆ ಮುಂದಿನದು ದೊಡ್ಡದಾಗಿಯೇ ಕಾಣಬೇಕು. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ಅಂಚುಗಳನ್ನು ಕತ್ತರಿಸಿಕೊಂಡರೆ ಆಯಿತು. ಕಂಬದ ದೋಷಕ್ಕಂತೂ ಅರ್ಧ ಹೆಜ್ಜೆಯ ಔಷಧ ಸಾಕು.

ಹೀಗೆ ಹೆಜ್ಜೆಯ ಲೆಕ್ಕದಲ್ಲಿ ಹೇಳಬಹುದಾದ ದೋಷವನ್ನು ಮಾತ್ರ ಹೇಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಅದೂ ಒಂದು ಸಲಕ್ಕೆ ಒಂದು, ಬಹಳವಾದರೆ ಎರಡು. ಹೊಸಬನ ಪಟದಲ್ಲಿ ಹತ್ತು ದೋಷಗಳಿದ್ದರೆ ಹತ್ತನ್ನೂ ಎಣಿಸಿ ಹೇಳುವುದು ನಮ್ಮ ಜ್ಞಾನದ ಪ್ರದರ್ಶನವಾದೀತೇ ಹೊರತು ಅವನಿಗೆ ಉಪಕಾರವಾಗದು. ಯಾವುದನ್ನು ತಿದ್ದಿಕೊಂಡರೆ ಉಳಿದವು ತಾವಾಗಿ ಸಡಿಲವಾಗುತ್ತವೆಯೋ ಅದನ್ನು ಆರಿಸಿ ಹೇಳುವುದೇ ಬಲ್ಲವನ ಕೆಲಸ. ತೆಗೆದವನ ಕೈಯಲ್ಲಿ ಇಲ್ಲದುದನ್ನು, ಎಂದರೆ ‘ಇದಕ್ಕೆ ಲಕ್ಷ ರೂಪಾಯಿಯ ಮಸೂರ ಬೇಕಾಗಿತ್ತು’ ಎಂಬಂತಹುದನ್ನು, ನಾಲಗೆಯ ತುದಿಗೆ ಬಂದರೂ ನುಂಗಿಕೊಳ್ಳುವುದು ಲೇಸು. ಕಬಿನಿಯ ಹಿನ್ನೀರಿನ ದಡದಲ್ಲಿ ಇಂತಹ ಮಾತು ಬಹಳ ಕೇಳಿಬರುತ್ತದೆ.

ನಿಯಮಗಳ ಮಾತು ಇನ್ನೊಂದು ಬಗೆಯದು. ವಸ್ತುವನ್ನು ನಟ್ಟನಡುವೆ ಇಡದೆ ಮೂರರಲ್ಲೊಂದು ಪಾಲಿನ ಗೆರೆಯ ಮೇಲೆ ಇಡಬೇಕೆಂಬ ಸೂತ್ರವನ್ನು ಈಗ ಫೋನುಗಳೇ ಗೆರೆಯೆಳೆದು ಬೋಧಿಸುತ್ತವೆ. ಈ ಸೂತ್ರಕ್ಕೆ ಆ ಹೆಸರನ್ನು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಆಂಗ್ಲ ಚಿತ್ರಕಾರ. ೧೭೯೭ರಲ್ಲಿ, ಗ್ರಾಮದೃಶ್ಯಗಳನ್ನು ಕುರಿತ ಒಂದು ಪುಸ್ತಕದಲ್ಲಿ. ಡಾಗೆರನ ವಿಧಾನವು ಪ್ರಕಟವಾಗುವುದಕ್ಕೆ ಅದಾಗಲೇ ನಲವತ್ತೆರಡು ವರ್ಷ ಬಾಕಿಯಿತ್ತು. ಸೂತ್ರವು ಕೆಟ್ಟದ್ದಲ್ಲ, ಆದರೆ ಪಟವನ್ನು ನೋಡುವ ಮೊದಲೇ ಸೂತ್ರವನ್ನು ಕೈಯಲ್ಲಿ ಹಿಡಿದು ಕುಳಿತವನು ವಿಮರ್ಶಕನಲ್ಲ, ಅಳತೆಗಾರ. ಮಸುಕನ್ನೂ ಹಾಗೆಯೇ ಎಲ್ಲೆಲ್ಲಿಯೂ ದೋಷವೆನ್ನಲಾಗದು. ೧೯೪೪ರ ಜೂನ್ ೬ರಂದು ನಾರ್ಮಂಡಿಯ ಕಡಲ ದಂಡೆಯಲ್ಲಿ ರಾಬರ್ಟ್ ಕಾಪಾ ತೆಗೆದ ಪಟಗಳು ಅಲುಗಾಡಿ ಮಸುಕಾಗಿವೆ. ಆ ದಿನವನ್ನು ನೆನೆಯುವವರು ಇಂದಿಗೂ ಅವನ್ನೇ ನೆನೆಯುತ್ತಾರೆ. ಹಾಗೆಂದು ಮಸುಕಾದ ಪಟವನ್ನು ತಂದವನೆಲ್ಲ ‘ನಾನೂ ಕಾಪಾ’ ಎನ್ನತೊಡಗಿದರೆ, ‘ಇಲ್ಲಿ ಗುಂಡು ಹಾರುತ್ತಿರಲಿಲ್ಲವಲ್ಲ, ಅಪ್ಪ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹೊಗಳಿಕೆಯ ವಿಷಯದಲ್ಲಿ ನಮ್ಮ ಜನ ಧಾರಾಳಿಗಳು. ಆದರೆ ಹೊಗಳಿಕೆಗೂ ಕಾರಣ ಬೇಕು. ‘ಬಹಳ ಚೆನ್ನಾಗಿದೆ’ ಎಂದರೆ ಹುಡುಗನು ಸಂತೋಷಪಟ್ಟು ಮನೆಗೆ ಹೋಗುತ್ತಾನೆ; ಏನು ಚೆನ್ನಾಗಿದೆಯೆಂಬುದು ತಿಳಿಯದುದರಿಂದ ಮರುಸಲ ಅದನ್ನೇ ಬಿಟ್ಟುಬಿಡಬಹುದು. ‘ಕೆರೆಯ ಏರಿಯ ಮೇಲೆ ನಡೆಯುವವರ ನಡುವೆ ಸ್ವಲ್ಪ ಸ್ವಲ್ಪ ತೆರಪು ಬರುವವರೆಗೆ ಕಾದು ಒತ್ತಿದ್ದೀಯೆ, ಅದರಿಂದ ಒಬ್ಬೊಬ್ಬರ ನಡಗೆಯೂ ಬೇರೆಬೇರೆಯಾಗಿ ಕಾಣುತ್ತದೆ’ ಎಂದರೆ, ಕಾಯುವುದೆಂಬುದು ಅವನ ಸ್ವತ್ತಾಗುತ್ತದೆ. ಇದಕ್ಕೆ ಇನ್ನೂ ಒಳ್ಳೆಯ ಉಪಾಯವುಂಟು: ಬೇರೆಯವರ ಉತ್ತಮ ಪಟವನ್ನು ಪಕ್ಕದಲ್ಲಿಟ್ಟು ಸುಮ್ಮನಿರುವುದು. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ (೧೯೨೩–೨೦೦೯) ಪಟಗಳನ್ನು ನಾವು ಹೀಗೆ ಉಪಯೋಗಿಸುತ್ತೇವೆ. ಅವರು ತೆಗೆದ ಮಕ್ಕಳ ಪಟಗಳು ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಆ ಮಕ್ಕಳಾದರೋ ನಮ್ಮ ಬೀದಿಗಳಲ್ಲಿ ಆಡುವ ಮಕ್ಕಳಂತಹವರೇ. ಪಟಕ್ಕೆ ತಕ್ಕ ವಸ್ತುವು ತನ್ನ ಊರಿನಲ್ಲಿಲ್ಲವೆಂದು ಗೊಣಗುವ ಹುಡುಗನಿಗೆ ಅವನ್ನು ತೋರಿಸಿದ ಮೇಲೆ ನಾವು ಹೇಳುವುದೇನೂ ಉಳಿಯುವುದಿಲ್ಲ.

ಸ್ಪರ್ಧೆಗಳಲ್ಲಿ ತೀರ್ಪುಗಾರರು ತೆಗೆದವರ ಹೆಸರನ್ನರಿಯದೆ, ಕೆಲವು ಕ್ಷಣ ನೋಡಿ ಅಂಕ ಕೊಡುತ್ತಾರೆ. ಸಾವಿರಾರು ಪಟಗಳಿರುವಲ್ಲಿ ಬೇರೆ ದಾರಿಯಿಲ್ಲ. ಆದರೆ ಅಂಕವು ಸ್ಥಾನವನ್ನು ಹೇಳುತ್ತದೆ, ದಾರಿಯನ್ನು ಹೇಳುವುದಿಲ್ಲ. ಹೊಸಬನು ಅದನ್ನೇ ವಿಮರ್ಶೆಯೆಂದು ತಿಳಿದು ಕುಗ್ಗಬಾರದು, ಹಿಗ್ಗಲೂಬಾರದು. ಸಭೆಯಲ್ಲಿ ಹೇಳಬಹುದಾದುದು ಯಾವುದು, ಒಬ್ಬನನ್ನೇ ಕರೆದು ಹೇಳಬೇಕಾದುದು ಯಾವುದು ಎಂಬ ವಿವೇಕವೂ ಬೇಕು. ನಮಗೆ ಅದು ತಡವಾಗಿ ಬಂತು.

ಆ ಹುಡುಗನನ್ನು ನಾವು ಮೈಸೂರಿಗೆ ಹಿಂದಿರುಗಿದ ವಾರವೇ ಕರೆಸಿದೆವು. ಪಟವು ಅವನ ಫೋನಿನಲ್ಲಿ ಇನ್ನೂ ಇತ್ತು, ಅಳಿಸಿರಲಿಲ್ಲ. ಮೇಜಿನ ಮೇಲಿಟ್ಟುಕೊಂಡು, ಮೊದಲು ಹೇಳಬೇಕಾಗಿದ್ದುದನ್ನು ಆಗ ಹೇಳಿದೆವು: ಕಣ್ಣು ಮೊದಲು ಮುಖಕ್ಕೆ ಹೋಯಿತು, ಅಲ್ಲಿಂದ ಗಾಜಿಗೆ ಹೋಯಿತು, ಅಲ್ಲಿಯೇ ನಿಲ್ಲಬೇಕಾಗಿದ್ದುದು ಕೆಳಗಿನ ಮೂಲೆಯ ಬಿಳಿಯ ಕುರ್ಚಿಗೆ ಬಿದ್ದುಬಿಟ್ಟಿತು, ಕುರ್ಚಿಯ ಮೇಲೆ ಯಾರೂ ಇಲ್ಲ. ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಕುರ್ಚಿಯು ಚೌಕಟ್ಟಿನಿಂದ ಹೊರಗಾಗುತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಅವ್ವ ಕೂರುವ ಕುರ್ಚಿ, ಸಾರ್. ಅಪ್ಪ ಮಲಗಿದಾಗ ಅವರು ನೋಡಿಕೊಳ್ಳುತ್ತಾರೆ. ಪಟ ತೆಗೆಯುತ್ತೇನೆಂದಾಗ ಅಡ್ಡವಾದೀತೆಂದು ಎದ್ದುಹೋದರು’ ಎಂದನು.

ನಮ್ಮ ಒಂದು ಹೆಜ್ಜೆಯ ಸಲಹೆಯು ಅಲ್ಲಿಗೆ ಬಿದ್ದುಹೋಯಿತು. ಕುರ್ಚಿಯನ್ನು ಹೊರಗೆ ಹಾಕುವ ಬದಲು ತಾಯಿಯನ್ನು ಅಲ್ಲಿಯೇ ಕುಳ್ಳಿರಿಸಿ ಏಕೆ ತೆಗೆಯಬಾರದೆಂದು ಕೇಳಿದೆವು. ಆ ಬೆಳಕಿನಲ್ಲಿ ಇಬ್ಬರೂ ಅಲುಗದಿರುವುದು ಹೇಗೆ, ಫೋನನ್ನು ಯಾವುದರ ಮೇಲಿಟ್ಟು ಸ್ಥಿರಮಾಡುವುದು, ಒಲೆಯ ಬಾಯಿಯನ್ನು ಚೌಕಟ್ಟಿನಿಂದ ಹೊರಗಿಟ್ಟು ಅದರ ಬೆಳಕನ್ನು ಮಾತ್ರ ಒಳಗೆ ತರುವುದು ಹೇಗೆ ಎಂಬ ವಿಚಾರಗಳು ಬಂದವು. ಒಲೆಯನ್ನೂ ಕತ್ತಲೆಯನ್ನೂ ಒಂದೇ ಪಟದಲ್ಲಿ ಸರಿಯಾಗಿ ಹಿಡಿಯುವ ಶಕ್ತಿ ಯಾವ ಕ್ಯಾಮರಾಕ್ಕೂ ಸುಲಭವಾಗಿ ಇಲ್ಲ. ಹೊರಗೆ ಕತ್ತಲಾಗುವವರೆಗೆ ಮಾತು ನಡೆಯಿತು.

ಬ್ಯಾರನ್ನಿನ ಕಾಲ ಮುಗಿಯುವುದರೊಳಗಾಗಿ ಅವನು ಮೂರು ಪಟಗಳನ್ನು ತಂದನು. ಮೊದಲಿನದು ಅಲುಗಿಹೋಗಿತ್ತು. ಎರಡನೆಯದರಲ್ಲಿ ತಾಯಿ ಕ್ಯಾಮರಾವನ್ನು ನೋಡಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೂರನೆಯದು ಹೀಗಿದೆ: ಎಡಗಡೆ ತಂದೆ ಗಾಜಿಗೆ ಟಾರ್ಚು ಹಿಡಿದಿದ್ದಾರೆ, ಮುಖ ಹಿಂದಿಗಿಂತಲೂ ಕಡಮೆ ಕಾಣುತ್ತದೆ, ಕೆಳಗಿನ ಮೂಲೆಯಲ್ಲಿ ಬಿಳಿಯ ಕುರ್ಚಿ, ಅದರಲ್ಲಿ ತಾಯಿ, ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಾರೆ, ಒಲೆಯ ಬೆಳಕು ಅವರ ಕೈಬಳೆಗಳ ಮೇಲೆ ಮಾತ್ರ ಬಿದ್ದಿದೆ. ಈ ಪಟವೂ ಸ್ವಲ್ಪ ವಾಲಿದೆ. ಅದನ್ನು ಅವನಿಗೆ ಹೇಳಿದೆವು, ಸರಿಮಾಡಿಕೊಂಡು ಬಂದನು.